ಸತ್ತ ದೊರೆಗಳ ರೋಗನಿದಾನ

ಶತಮಾನಗಳ ಹಿಂದೆ ತೀರಿಹೋದವರ ಕಾಯಿಲೆಯನ್ನು ಇಂದು ಗುರುತಿಸಲು ಇರುವ ಸಾಕ್ಷ್ಯಗಳು ಎರಡು ಬಗೆಯವು. ಒಂದು, ದೇಹದಲ್ಲಿ ಅಳಿಯದೆ ಉಳಿದದ್ದು: ಮೂಳೆ, ಹಲ್ಲು, ಕೂದಲು, ಕೆಲವೊಮ್ಮೆ ಒಣಗಿದ ಚರ್ಮ ಮತ್ತು ಮಾಂಸ. ಇನ್ನೊಂದು, ಬರವಣಿಗೆಯಲ್ಲಿ ಉಳಿದದ್ದು: ಆಸ್ಥಾನದ ವೃತ್ತಾಂತ, ವೈದ್ಯರ ಟಿಪ್ಪಣಿ, ಸ್ವಂತ ಪತ್ರ, ಶವಪರೀಕ್ಷೆಯ ವರದಿ. ಮೊದಲನೆಯದನ್ನು ಓದುವ ಶಾಸ್ತ್ರಕ್ಕೆ ಪ್ರಾಚೀನ ರೋಗಶಾಸ್ತ್ರ ಎಂಬ ಹೆಸರಿದೆ. 1910ರಲ್ಲಿ ಮಾರ್ಕ್ ಆರ್ಮಾಂಡ್ ರಫರ್ ಈಜಿಪ್ಟಿನ ಮೂರು ಸಾವಿರ ವರ್ಷ ಹಳೆಯ ಮಮ್ಮಿಗಳ ಮೂತ್ರಪಿಂಡದಲ್ಲಿ ಪರಾವಲಂಬಿ ಹುಳುವಿನ ಮೊಟ್ಟೆಗಳನ್ನು ಸೂಕ್ಷ್ಮದರ್ಶಕದಡಿ ತೋರಿಸಿದ ಮೇಲೆ ಈ ಶಾಸ್ತ್ರಕ್ಕೆ ಗಟ್ಟಿ ನೆಲೆ ದೊರೆಯಿತು. ಎರಡನೆಯದು ಇತಿಹಾಸಕಾರರ ಹಳೆಯ ಕ್ಷೇತ್ರ. ಎರಡೂ ಒಂದನ್ನೊಂದು ಪರೀಕ್ಷಿಸಿದ ಕಡೆ ರೋಗನಿದಾನ ನಂಬುವಂತಿರುತ್ತದೆ. ಒಂದೇ ಸಾಕ್ಷ್ಯದ ಮೇಲೆ ನಿಂತ ಕಡೆ ಅದು ಎಷ್ಟು ಆಕರ್ಷಕವಾಗಿದ್ದರೂ ಮುಂದಿನ ಪರೀಕ್ಷೆಗೆ ಕುಸಿಯಬಹುದು.

ಮೂಳೆಯ ಭಾಷೆ ಬಹಳ ಸಣ್ಣದು. ಯಾವ ರೋಗ ತಗುಲಿದರೂ ಅದು ಎರಡೇ ರೀತಿ ಪ್ರತಿಕ್ರಿಯಿಸಬಲ್ಲದು: ಕರಗಬೇಕು, ಇಲ್ಲವೇ ಹೊಸದಾಗಿ ಬೆಳೆಯಬೇಕು. ಎಲ್ಲಿ ಕರಗಿದೆ, ಎಲ್ಲಿ ಬೆಳೆದಿದೆ, ಯಾವ ಮೂಳೆಗಳಲ್ಲಿ ಅದು ಒಟ್ಟಿಗೆ ಕಾಣುತ್ತದೆ ಎಂಬುದನ್ನು ಕೂಡಿಸಿ ನೋಡಿದಾಗ ರೋಗದ ಹೆಸರು ಸಿಗುತ್ತದೆ. ಕ್ಷಯ ಬೆನ್ನುಮೂಳೆಯ ಕಶೇರುಗಳನ್ನು ಮುಂಭಾಗದಲ್ಲಿ ತಿಂದು ಗೂನು ಮಾಡುತ್ತದೆ. ಕುಷ್ಠ ಮೂಗಿನ ಬುಡದ ಮೂಳೆಯನ್ನೂ ಮೇಲ್ದವಡೆಯ ಮುಂಭಾಗವನ್ನೂ ಸವೆಸಿ, ಕೈಕಾಲು ಬೆರಳ ಮೂಳೆಗಳನ್ನು ಚೂಪಾಗಿಸುತ್ತದೆ. ರಿಕೆಟ್ಸ್ ಕಾಲುಮೂಳೆಯನ್ನು ಬಾಗಿಸುತ್ತದೆ. ಬಾಲ್ಯದ ಹಸಿವು ಮತ್ತು ಜ್ವರ ಹಲ್ಲಿನ ಎನಾಮಲ್ ಮೇಲೆ ಅಡ್ಡ ಗೀರುಗಳಾಗಿ ಉಳಿಯುತ್ತವೆ.

ಇವೆಲ್ಲ ನಿಧಾನದ ರೋಗಗಳು. ಕಾಲರಾ, ಪ್ಲೇಗುಗಳು ಕೆಲವೇ ದಿನಗಳಲ್ಲಿ ಕೊಲ್ಲುತ್ತವೆ. ಮೂಳೆ ಪ್ರತಿಕ್ರಿಯಿಸುವಷ್ಟು ಕಾಲಾವಕಾಶವನ್ನೇ ಕೊಡುವುದಿಲ್ಲ. ಹಾಗಾಗಿ ಮಸಣದಲ್ಲಿ ಸಿಕ್ಕ ನುಣುಪಾದ, ಕಲೆಯಿಲ್ಲದ ಅಸ್ಥಿಪಂಜರ ಆರೋಗ್ಯವಂತನದೇ ಆಗಿರಬೇಕೆಂದಿಲ್ಲ, ಮೊದಲ ಹೊಡೆತಕ್ಕೇ ಸತ್ತವನದೂ ಇರಬಹುದು. ಗುರುತು ಹೊತ್ತ ಮೂಳೆಯಾದರೋ ರೋಗದೊಡನೆ ವರ್ಷಗಟ್ಟಲೆ ಹೆಣಗಿ ಬದುಕಿದವನದು. 1992ರಲ್ಲಿ ಜೇಮ್ಸ್ ವುಡ್ ಮತ್ತು ಸಂಗಡಿಗರು ಈ ವಿರೋಧಾಭಾಸವನ್ನು ವಿವರವಾಗಿ ಮಂಡಿಸಿದರು. ಅಂದಿನಿಂದ ಮೂಳೆ ನೋಡಿ ಒಂದು ಕಾಲದ ಜನರ ಆರೋಗ್ಯ ಹೇಳುವವರು ಹೆಚ್ಚು ಎಚ್ಚರದಿಂದ ಮಾತನಾಡುತ್ತಾರೆ.

ಕುಷ್ಠದ ಎರಡು ಪ್ರಕರಣಗಳನ್ನು ಪಕ್ಕಪಕ್ಕ ಇಟ್ಟರೆ ಎರಡೂ ಸಾಕ್ಷ್ಯಗಳ ಸ್ವಭಾವ ತಿಳಿಯುತ್ತದೆ. ರಾಜಸ್ಥಾನದ ಉದಯಪುರದ ಬಳಿಯ ಬಾಲಾಥಲ್‌ನಲ್ಲಿ ಸುಮಾರು ನಾಲ್ಕು ಸಾವಿರ ವರ್ಷ ಹಿಂದಿನ ನಡುವಯಸ್ಸಿನ ಗಂಡಸೊಬ್ಬನ ಅಸ್ಥಿಪಂಜರ ಸಿಕ್ಕಿತು. ಕಲ್ಲಿನ ಆವರಣದೊಳಗೆ ಸುಟ್ಟ ಸಗಣಿಯ ಬೂದಿಯ ನಡುವೆ ಅವನನ್ನು ಹೂಳಲಾಗಿತ್ತು. ಮುಖದ ಮೂಳೆಯ ಸವೆತವನ್ನು ಆಧರಿಸಿ ಅದು ಕುಷ್ಠವೆಂದು 2009ರಲ್ಲಿ ಪ್ರಕಟವಾಯಿತು. ರೋಗ ಗೊತ್ತಾಯಿತು, ರೋಗಿಯ ಹೆಸರು ಎಂದಿಗೂ ಗೊತ್ತಾಗದು. ಇದಕ್ಕೆ ತದ್ವಿರುದ್ಧವಾದದ್ದು ಜೆರುಸಲೇಮಿನ ದೊರೆ ನಾಲ್ಕನೇ ಬಾಲ್ಡ್ವಿನ್‌ನ ಕತೆ. ಅವನ ಮೂಳೆ ಯಾರ ಕೈಗೂ ಸಿಕ್ಕಿಲ್ಲ, ಆದರೂ ಅವನಿಗೆ ಕುಷ್ಠವಿತ್ತೆಂಬುದನ್ನು ವೈದ್ಯರು ಬಹುಮಟ್ಟಿಗೆ ಒಪ್ಪುತ್ತಾರೆ. ಕಾರಣ, ಅವನ ಗುರು ಟೈರ್‌ನ ವಿಲಿಯಂ ಬರೆದಿಟ್ಟ ಒಂದು ಘಟನೆ. ಆಟವಾಡುವಾಗ ಹುಡುಗರು ಒಬ್ಬರ ತೋಳನ್ನೊಬ್ಬರು ಉಗುರಿನಿಂದ ಚಿವುಟುತ್ತಿದ್ದರು. ಉಳಿದವರೆಲ್ಲ ನೋವಿನಿಂದ ಚೀರಿದರೆ ಬಾಲ್ಡ್ವಿನ್ ಸುಮ್ಮನಿರುತ್ತಿದ್ದ. ಗುರು ಮೊದಲು ಅದನ್ನು ಹುಡುಗನ ಸಹನೆಯೆಂದುಕೊಂಡ. ವಿಚಾರಿಸಿದಾಗ ಬಲಗೈಗೆ ಅರ್ಧದಷ್ಟು ಸ್ಪರ್ಶಜ್ಞಾನವೇ ಇಲ್ಲವೆಂದು ತಿಳಿಯಿತು. ರೋಗದ ಹೆಸರಿಗೆ ಅಂಟಿಕೊಳ್ಳದೆ ಕಂಡದ್ದನ್ನು ಕಂಡಂತೆ ಬರೆದದ್ದರಿಂದಲೇ ಎಂಟುನೂರು ವರ್ಷಗಳ ಬಳಿಕವೂ ಆ ಸಾಲುಗಳಿಗೆ ವೈದ್ಯಕೀಯ ಬೆಲೆಯಿದೆ. ‘ರಾಜನಿಗೆ ಮಹಾರೋಗ ತಗುಲಿತು’ ಎಂದಷ್ಟೇ ಬರೆದಿದ್ದರೆ ಅದರಿಂದ ಏನನ್ನೂ ಹೇಳಲಾಗುತ್ತಿರಲಿಲ್ಲ. ಮಧ್ಯಯುಗದಲ್ಲಿ ಹಲವು ಚರ್ಮರೋಗಗಳಿಗೆ ಅದೇ ಹೆಸರಿತ್ತು.

ಪ್ರಸಿದ್ಧ ವ್ಯಕ್ತಿಯ ರೋಗ ಹೇಳುವ ಮುನ್ನ ಕೈಯಲ್ಲಿರುವುದು ಅವರದೇ ಮೂಳೆ ಎಂದು ಸ್ಥಾಪಿಸಬೇಕು. ಭಾರತದಲ್ಲಿ ಇದಕ್ಕೊಂದು ಒಳ್ಳೆಯ ಉದಾಹರಣೆಯಿದೆ. ಜಾರ್ಜಿಯಾದ ರಾಣಿ ಕೆಟೆವಾನಳನ್ನು 1624ರಲ್ಲಿ ಇರಾನಿನ ಶಿರಾಜ್‌ನಲ್ಲಿ ಕೊಲ್ಲಲಾಯಿತು. ಅವಳ ಅವಶೇಷದ ಒಂದು ಭಾಗವನ್ನು ಪಾದ್ರಿಗಳು ಗೋವಾಕ್ಕೆ ತಂದು ಸೇಂಟ್ ಆಗಸ್ಟೀನ್ ಮಠದಲ್ಲಿ ಇಟ್ಟರೆಂದು ಪೋರ್ಚುಗೀಸ್ ಬರಹಗಳು ಹೇಳುತ್ತಿದ್ದವು. ಆ ಮಠದ ಪಾಳುಗೋಡೆಗಳ ನಡುವೆ ಪುರಾತತ್ವ ಇಲಾಖೆಗೆ ಸಿಕ್ಕ ಮೂಳೆಯನ್ನು ಹೈದರಾಬಾದಿನ ಸಿಸಿಎಂಬಿ ಪ್ರಯೋಗಾಲಯ ಪರೀಕ್ಷಿಸಿತು. ತಾಯಿಯ ಕಡೆಯಿಂದ ಮಾತ್ರ ಬರುವ ಮೈಟೊಕಾಂಡ್ರಿಯಾ ಡಿಎನ್‌ಎಯಲ್ಲಿ ಭಾರತದಲ್ಲಿ ಕಾಣದ, ಜಾರ್ಜಿಯಾದಲ್ಲಿ ಕಾಣುವ ಗುಂಪಿನ ಗುರುತು ದೊರೆಯಿತು. 2021ರಲ್ಲಿ ಭಾರತ ಸರ್ಕಾರ ಅವಶೇಷವನ್ನು ಜಾರ್ಜಿಯಾಕ್ಕೆ ಒಪ್ಪಿಸಿತು. ಎಲ್ಲಿ ಅಗೆಯಬೇಕೆಂಬುದನ್ನು ಕಡತ ಹೇಳಿತು, ಸಿಕ್ಕದ್ದು ಯಾರದೆಂಬುದನ್ನು ಡಿಎನ್‌ಎ ಹೇಳಿತು.

ಈ ಎಲ್ಲ ಹಂತಗಳೂ ಅಚ್ಚುಕಟ್ಟಾಗಿ ಕೂಡಿಬಂದ ಪ್ರಕರಣ ಇಂಗ್ಲೆಂಡಿನ ಮೂರನೇ ರಿಚರ್ಡನದು. 1485ರ ಆಗಸ್ಟ್ 22ರಂದು ಬಾಸ್ವರ್ತ್ ಕಾಳಗದಲ್ಲಿ 32ರ ಪ್ರಾಯದ ರಿಚರ್ಡ್ ಹತನಾದ. ಗೆದ್ದ ಟ್ಯೂಡರ್ ಮನೆತನ ಸಿಂಹಾಸನವೇರಿತು. ಸೋತವನ ಕತೆ ಬರೆದವರೆಲ್ಲ ಗೆದ್ದವರ ನೆರಳಲ್ಲಿದ್ದರು. ಜಾನ್ ರೌಸ್ ಅವನ ಬಲಭುಜ ಎತ್ತರ, ಎಡಭುಜ ತಗ್ಗು ಎಂದು ಬರೆದ. ಥಾಮಸ್ ಮೋರ್ ಎಡಭುಜವೇ ಎತ್ತರವೆಂದ. ಗೂನುಬೆನ್ನನ್ನೂ ಬತ್ತಿದ ತೋಳನ್ನೂ ಸೇರಿಸಿದ. ಷೇಕ್ಸ್‌ಪಿಯರ್‌ನ ನಾಟಕದಲ್ಲಿ ಅವನು ಕುಂಟುವ, ಗೂನು ಹೊತ್ತ ಕೇಡಿಗನಾದ. ರಾಜಮನೆತನದ ಸಂಗ್ರಹದಲ್ಲಿದ್ದ ಅವನ ಭಾವಚಿತ್ರವೊಂದನ್ನು ಎಕ್ಸ್-ರೇಗೆ ಒಡ್ಡಿದಾಗ ಯಾರೋ ಆಮೇಲೆ ಬಲಭುಜವನ್ನು ಎತ್ತರಿಸಿ ತಿದ್ದಿದ್ದು ಕಂಡಿತ್ತು. ಹೀಗಾಗಿ ಇಪ್ಪತ್ತನೇ ಶತಮಾನದಲ್ಲಿ ಅನೇಕರು ಗೂನಿನ ಕತೆಯನ್ನೇ ಟ್ಯೂಡರ್ ಅಪಪ್ರಚಾರವೆಂದು ತಳ್ಳಿಹಾಕಿದರು.

2012ರ ಆಗಸ್ಟಿನಲ್ಲಿ ಲೆಸ್ಟರ್ ನಗರದ ಒಂದು ಕಾರು ನಿಲ್ದಾಣದಡಿ, ಹಿಂದೆ ಗ್ರೇಫ್ರಯರ್ಸ್ ಚರ್ಚ್ ಇದ್ದ ಜಾಗದಲ್ಲಿ, ಲೆಸ್ಟರ್ ವಿಶ್ವವಿದ್ಯಾಲಯದ ತಂಡಕ್ಕೆ ಅಸ್ಥಿಪಂಜರ ಸಿಕ್ಕಿತು. ಬೆನ್ನುಮೂಳೆ ಎದ್ದುಕಾಣುವಂತೆ ಪಕ್ಕಕ್ಕೆ ಬಾಗಿತ್ತು. ಆದರೂ ತಂಡ ಅವಸರದ ತೀರ್ಮಾನಕ್ಕೆ ಬರಲಿಲ್ಲ. ಇಂಗಾಲದ ಕಾಲಮಾಪನ ಮೊದಲು ಕೊಟ್ಟ ಇಸವಿ 1485ಕ್ಕಿಂತ ಹಿಂದಿನದು. ಸತ್ತವನು ಮೀನು ಮತ್ತು ಕಡಲ ಆಹಾರವನ್ನು ಧಾರಾಳವಾಗಿ ತಿಂದಿದ್ದ. ಕಡಲ ಜೀವಿಗಳಲ್ಲಿರುವ ಇಂಗಾಲ ಹಳೆಯದಾದ್ದರಿಂದ ಅದನ್ನು ತಿಂದವರ ಮೂಳೆಯೂ ಇದ್ದದ್ದಕ್ಕಿಂತ ಹಳೆಯದಾಗಿ ತೋರುತ್ತದೆ. ಅದನ್ನು ಲೆಕ್ಕಕ್ಕೆ ತಂದಾಗ ಕಾಲ ಹೊಂದಿಕೊಂಡಿತು. ರಿಚರ್ಡನ ಅಕ್ಕನ ಹೆಣ್ಣುಸಂತತಿಯಲ್ಲಿ ಇಂದು ಬದುಕಿರುವವರ ಮೈಟೊಕಾಂಡ್ರಿಯಾ ಡಿಎನ್‌ಎ ಮೂಳೆಯದರೊಂದಿಗೆ ತಾಳೆಯಾಯಿತು. 2013ರ ಫೆಬ್ರುವರಿಯಲ್ಲಿ ಗುರುತು ಘೋಷಣೆಯಾಯಿತು.

ಬಳಿಕ ಬೆನ್ನುಮೂಳೆಯನ್ನು ಸ್ಕ್ಯಾನ್ ಮಾಡಿ, ಒಂದೊಂದು ಕಶೇರುವಿನ ಪ್ರತಿಕೃತಿ ತಯಾರಿಸಿ, ಬದುಕಿದ್ದಾಗ ಅದು ಹೇಗಿತ್ತೆಂದು ಜೋಡಿಸಿದರು. 2014ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಫಲಿತಾಂಶ ಹೀಗಿತ್ತು: ಎದೆಯ ಭಾಗದಲ್ಲಿ ಬಲಕ್ಕೆ 65ರಿಂದ 85 ಡಿಗ್ರಿಯಷ್ಟು ವಕ್ರತೆ, ಹತ್ತು ವರ್ಷ ದಾಟಿದ ಮೇಲೆ ಶುರುವಾದದ್ದು. ವೈದ್ಯರು ಇದನ್ನು ಸ್ಕೋಲಿಯೋಸಿಸ್ ಎನ್ನುತ್ತಾರೆ. ಮುಂದಕ್ಕೆ ಬಾಗಿದ ಗೂನು ಇರಲಿಲ್ಲ. ಎರಡೂ ತೋಳು ಸಮವಾಗಿದ್ದವು, ಕಾಲುಗಳಲ್ಲಿ ಕುಂಟುವಂಥ ದೋಷವಿರಲಿಲ್ಲ. ನೇರವಾಗಿದ್ದರೆ ಸುಮಾರು 5 ಅಡಿ 8 ಅಂಗುಲವಿರಬೇಕಾದ ಎತ್ತರ ಕೆಲವು ಅಂಗುಲ ಕುಗ್ಗಿತ್ತು. ಬಲಭುಜ ತುಸು ಮೇಲಿತ್ತು. ಚೆನ್ನಾಗಿ ಹೊಲಿದ ಉಡುಪೋ ಅಳತೆಗೆ ಮಾಡಿದ ಕವಚವೋ ಇದ್ದರೆ ನೋಡುವವರ ಕಣ್ಣಿಗೆ ಇದು ಬೀಳುತ್ತಲೇ ಇರಲಿಲ್ಲ. ಹಗೆಯಿಂದ ಬರೆದ ರೌಸ್ ಭುಜದ ವಿಷಯದಲ್ಲಿ ಸತ್ಯ ಹೇಳಿದ್ದ. ಮೋರ್ ಉತ್ಪ್ರೇಕ್ಷಿಸಿದ್ದ. ಪೂರ್ಣ ಸುಳ್ಳೆಂದು ತಳ್ಳಿದವರೂ ತಪ್ಪಿದ್ದರು. ದಾಖಲೆಯಲ್ಲಿ ಪಕ್ಷಪಾತವಿದೆ ಎಂದ ಮಾತ್ರಕ್ಕೆ ಅದರೊಳಗೆ ಕಂಡದ್ದೇನೂ ಇಲ್ಲವೆಂದು ಭಾವಿಸಬಾರದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಗುವುದು ಕಷ್ಟ.

ಅದೇ ಗೋರಿಯಿಂದ ಇನ್ನೊಂದು ಸಂಗತಿ ಹೊರಬಂತು. ಸೊಂಟದ ಮೂಳೆಯ ಬಳಿ ಕರುಳು ಕೊಳೆತ ಜಾಗದ ಮಣ್ಣಿನಲ್ಲಿ ಜಂತುಹುಳುವಿನ ಮೊಟ್ಟೆಗಳು ಬಹಳ ಇದ್ದವು. ಹೊರಗಿನ ಮಣ್ಣಿನಿಂದ ಬೆರೆತಿರಬಹುದೇ ಎಂಬ ಸಂಶಯ ಸಹಜ. ತಲೆಬುರುಡೆಯ ಮಣ್ಣಿನಲ್ಲಿ ಮೊಟ್ಟೆ ಇರಲಿಲ್ಲ, ಗೋರಿಯ ಸುತ್ತಲಿನ ಮಣ್ಣಿನಲ್ಲಿ ವಿರಳವಾಗಿತ್ತು. ಹಾಗಾಗಿ ಹುಳುಗಳು ದೊರೆಯ ಕರುಳಿನಲ್ಲೇ ಇದ್ದವೆಂದು ಹೇಳಲು ಸಾಧ್ಯವಾಯಿತು. ಅರಮನೆಯ ಅಡುಗೆಯವರ ಕೈ ಶುಚಿಯ ಬಗ್ಗೆ ಯಾವ ವೃತ್ತಾಂತವೂ ಹೇಳದ್ದನ್ನು ಹಿಡಿ ಮಣ್ಣು ಹೇಳಿತು.

ಸ್ಪೇನಿನ ಚಕ್ರವರ್ತಿ ಐದನೇ ಚಾರ್ಲ್ಸ್‌ನ ಪ್ರಕರಣದಲ್ಲಿ ಪರೀಕ್ಷೆಗೆ ಸಿಕ್ಕದ್ದು ಬೆರಳಿನ ತುದಿಯೊಂದೇ. ಯುವಕನಾಗಿದ್ದಾಗಿನಿಂದಲೇ ಅವನನ್ನು ಕಾಡಿದ ಕೀಲುನೋವಿನ ವಿವರಗಳು ಅವನ ಕಾಲದ ಪತ್ರಗಳಲ್ಲಿ ತುಂಬಿವೆ. ಅಧಿಕಾರ ಬಿಟ್ಟುಕೊಡಲು ಅದೂ ಒಂದು ಕಾರಣವೆಂದು ಇತಿಹಾಸಕಾರರು ಹೇಳುತ್ತಾರೆ. ಅವನ ಒಣಗಿದ ಬೆರಳ ತುಂಡು ದೇಹದಿಂದ ಬೇರೆಯಾಗಿ ಒಂದು ಪೆಟ್ಟಿಗೆಯಲ್ಲಿ ಉಳಿದಿತ್ತು. ಸ್ಪೇನಿನ ವೈದ್ಯರು ಅದನ್ನು ದ್ರಾವಣದಲ್ಲಿ ಮೆತ್ತಗಾಗಿಸಿ ನೋಡಿದಾಗ ಸೂಜಿಯಾಕಾರದ ಯೂರಿಕ್ ಆಮ್ಲದ ಹರಳುಗಳ ದೊಡ್ಡ ಗಂಟು ಕಂಡಿತು. ಅದು ಗೌಟ್ ಎಂದು 2006ರಲ್ಲಿ ಪ್ರಕಟವಾಯಿತು. ಮರುವರ್ಷ ಅದೇ ಬೆರಳಿನಲ್ಲಿ ಮಲೇರಿಯಾದ ರೋಗಾಣುಗಳು ಕಂಡವು. 1558ರ ಸೆಪ್ಟೆಂಬರಿನಲ್ಲಿ ಯುಸ್ತೆ ಮಠದಲ್ಲಿ ಅವನು ಜ್ವರದಿಂದ ತೀರಿಕೊಂಡನೆಂಬ ಬರಹಕ್ಕೂ ಹೀಗೆ ದೇಹದ ಬೆಂಬಲ ದೊರೆಯಿತು.

ಈಜಿಪ್ಟಿನ ಮೂರನೇ ರಾಮೆಸಸ್ ವಿರುದ್ಧ ಅಂತಃಪುರದಲ್ಲಿ ನಡೆದ ಪಿತೂರಿಯ ವಿಚಾರಣೆ ಟ್ಯೂರಿನ್ ನಗರದಲ್ಲಿರುವ ಪಪೈರಸ್ ಸುರುಳಿಯಲ್ಲಿದೆ. ಪಿತೂರಿ ಫಲಿಸಿತೇ ಎಂಬುದು ಅದರಿಂದ ಸ್ಪಷ್ಟವಾಗುವುದಿಲ್ಲ. 2012ರ ಸಿ.ಟಿ. ಸ್ಕ್ಯಾನ್, ಪಟ್ಟಿಗಳಡಿಯಲ್ಲಿ ಬೆನ್ನುಮೂಳೆಯವರೆಗೆ ಕತ್ತರಿಸಿದ ಗಂಟಲನ್ನು ತೋರಿಸಿತು. ಎರಡನೇ ರಾಮೆಸಸ್ ವಿಷಯದಲ್ಲಿ ಸ್ಕ್ಯಾನ್ ಹಳೆಯ ರೋಗನಿದಾನವನ್ನೇ ಬದಲಿಸಿತು. ಅವನ ಬೆನ್ನುಮೂಳೆ ಬಿಗಿದುಕೊಂಡದ್ದಕ್ಕೆ ಉರಿಯೂತದ ಸಂಧಿರೋಗವೊಂದು ಕಾರಣವೆಂದು ಬಹುಕಾಲ ನಂಬಲಾಗಿತ್ತು. 2014ರ ಅಧ್ಯಯನ ಅದು ವಯಸ್ಸಾದವರಲ್ಲಿ ಸಾಮಾನ್ಯವಾಗಿ ಕಾಣುವ, ಅಷ್ಟೇನೂ ತೊಂದರೆ ಕೊಡದ ಮೂಳೆ ಬೆಳವಣಿಗೆಯೆಂದು ಹೇಳಿತು.

ತುತಂಖಾಮೂನ್‌ನ ಮಮ್ಮಿಯಷ್ಟು ರೋಗಗಳನ್ನು ಬೇರಾವ ದೇಹದ ಮೇಲೂ ಹೊರಿಸಿರಲಾರರು. 1968ರ ಎಕ್ಸ್-ರೇಯಲ್ಲಿ ತಲೆಬುರುಡೆಯೊಳಗೆ ಮೂಳೆಚೂರು ಕಂಡದ್ದರಿಂದ ತಲೆಗೆ ಹೊಡೆದು ಕೊಂದರೆಂಬ ಕತೆ ಹುಟ್ಟಿತು. 2005ರ ಸಿ.ಟಿ. ಸ್ಕ್ಯಾನ್ ಆ ಚೂರುಗಳು ಸತ್ತ ಮೇಲೆ ಬೇರ್ಪಟ್ಟವೆಂದು ತೋರಿಸಿತು. ಜತೆಗೆ ಎಡತೊಡೆಯ ಮೂಳೆ ಮುರಿದಿದ್ದೂ ಕಂಡಿತು. 2010ರಲ್ಲಿ ಈಜಿಪ್ಟಿನ ಪುರಾತತ್ವಜ್ಞ ಜಾಹಿ ಹವಾಸ್ ತಂಡ ರಾಜಮನೆತನದ ಮಮ್ಮಿಗಳ ಡಿಎನ್‌ಎ ಅಧ್ಯಯನ ಪ್ರಕಟಿಸಿ, ಅವನ ತಂದೆತಾಯಿ ಅಣ್ಣತಂಗಿಯರಾಗಿದ್ದರು, ಎಡಪಾದದಲ್ಲಿ ಮೂಳೆ ಸಾಯುವ ರೋಗವಿತ್ತು, ದೇಹದಲ್ಲಿ ಮಲೇರಿಯಾದ ಡಿಎನ್‌ಎ ಇತ್ತು ಎಂದಿತು. ಗೋರಿಯಲ್ಲಿ ಸಿಕ್ಕ ಸುಮಾರು 130 ಊರುಗೋಲುಗಳು ಪಾದದ ರೋಗಕ್ಕೆ ಪೂರಕವೆನಿಸಿದವು. ಆದರೆ ಅದೇ ವರ್ಷ ಜರ್ಮನಿಯ ಸಂಶೋಧಕರು ಅದೇ ಲಕ್ಷಣಗಳಿಗೆ ಸಿಕಲ್ ಸೆಲ್ ರಕ್ತದೋಷವೂ ಹೊಂದುತ್ತದೆಂದು ಬರೆದರು. ಬಿಸಿ ಹವೆಯ ಗೋರಿಯಲ್ಲಿ ಅಷ್ಟು ಹಳೆಯ ಡಿಎನ್‌ಎ ಕೆಡದೆ ಉಳಿಯಿತೇ ಎಂದು ಪ್ರಶ್ನಿಸಿದವರೂ ಇದ್ದಾರೆ. ಮಲೇರಿಯಾ ಹರಡಿದ್ದ ನಾಡಿನಲ್ಲಿ ರೋಗಾಣು ಮೈಯಲ್ಲಿದ್ದುದು ಒಂದು ಮಾತು, ಅದರಿಂದಲೇ ಸತ್ತ ಎನ್ನುವುದು ಬೇರೆಯೇ ಮಾತು. ಈ ಎರಡರ ನಡುವಿನ ಅಂತರವನ್ನು ಪತ್ರಿಕೆಗಳ ತಲೆಬರಹಗಳು ಆಗಾಗ ನುಂಗಿಬಿಡುತ್ತವೆ. ಶಿಲ್ಪಗಳನ್ನು ನೋಡಿ ರೋಗ ಹೇಳುವುದು ಇನ್ನೂ ಅಪಾಯದ ದಾರಿ. ಅಖೆನಾತೆನ್‌ನ ಮೂರ್ತಿಗಳ ನೀಳಮುಖ, ಅಗಲ ಸೊಂಟ ನೋಡಿ ಮಾರ್ಫನ್ ಮುಂತಾದ ಆನುವಂಶಿಕ ರೋಗಗಳನ್ನು ಊಹಿಸಲಾಗಿತ್ತು. ಅವನದೆಂದು ಗುರುತಿಸಿದ ಅಸ್ಥಿಯಲ್ಲಿ 2010ರ ತಂಡಕ್ಕೆ ಅಂಥದ್ದೇನೂ ಕಾಣಲಿಲ್ಲ. ಅದು ಆ ಕಾಲದ ಶಿಲ್ಪಶೈಲಿ.

ದೇಹವೇ ಇಲ್ಲದೆ ಬರಹವಷ್ಟೇ ಇದ್ದಾಗ ಏನಾಗಬಹುದೆಂಬುದಕ್ಕೆ ಇಂಗ್ಲೆಂಡಿನ ಮೂರನೇ ಜಾರ್ಜ್ ಉದಾಹರಣೆ. 1788ರಲ್ಲಿ ಅವನ ಬುದ್ಧಿ ಕದಡಿತು. ಕೊನೆಯ ಹತ್ತು ವರ್ಷ ಆಳುವ ಸ್ಥಿತಿಯಲ್ಲೇ ಇರಲಿಲ್ಲ. 1966ರಲ್ಲಿ ಐಡಾ ಮಕಾಲ್ಪೈನ್ ಮತ್ತು ರಿಚರ್ಡ್ ಹಂಟರ್ ವೈದ್ಯರ ಟಿಪ್ಪಣಿಗಳನ್ನು ಜಾಲಾಡಿ, ಮೂತ್ರದ ಬಣ್ಣ ಬದಲಾದ ಉಲ್ಲೇಖಗಳನ್ನು ಆಧಾರವಾಗಿಟ್ಟು ಅದು ಪೋರ್ಫಿರಿಯಾ ಎಂಬ ಆನುವಂಶಿಕ ರೋಗವೆಂದರು. ಪಠ್ಯಪುಸ್ತಕ, ನಾಟಕ, ಸಿನಿಮಾಗಳವರೆಗೆ ಅದು ಹಬ್ಬಿತು. 2010ರಲ್ಲಿ ತಿಮೋತಿ ಪೀಟರ್ಸ್ ಮತ್ತು ಡೇವಿಡ್ ವಿಲ್ಕಿನ್ಸನ್ ಅದೇ ಟಿಪ್ಪಣಿಗಳನ್ನು ಮರಳಿ ಓದಿ, ವಾದಕ್ಕೆ ಒಗ್ಗುವ ಸಾಲುಗಳನ್ನಷ್ಟೇ ಆರಿಸಿಕೊಳ್ಳಲಾಗಿದೆ ಎಂದು ತೋರಿಸಿದರು. ರಾಜನಿಗೆ ಕೊಡುತ್ತಿದ್ದ ಜೆನ್ಶಿಯನ್ ಗಿಡದ ಔಷಧಿಯಿಂದಲೂ ಮೂತ್ರ ನೀಲಿಯಾಗಿರಬಹುದಿತ್ತು. ಮರುಕಳಿಸುವ ಉನ್ಮಾದವೇ ಹೆಚ್ಚು ಹೊಂದುವ ರೋಗವೆಂಬುದು ಈಗ ಬಲವಾಗಿರುವ ಅಭಿಪ್ರಾಯ.

ಭಾರತದ ಬಹುಪಾಲು ಅರಸರನ್ನು ದಹನ ಮಾಡಿದ್ದರಿಂದ ಇಲ್ಲಿ ಮೂಳೆಯ ಸಾಕ್ಷ್ಯ ಅಪರೂಪ, ಬರಹವೇ ಗತಿ. ಬರಹದಲ್ಲಿ ಮೊಘಲ್ ದೊರೆ ಜಹಾಂಗೀರನ ಆತ್ಮಕಥೆಗೆ ಸಾಟಿಯಿಲ್ಲ, ಏಕೆಂದರೆ ರೋಗಿಯೇ ತನ್ನ ರೋಗವನ್ನು ಅದರಲ್ಲಿ ವರದಿ ಮಾಡುತ್ತಾನೆ. ಯೌವನದಲ್ಲಿ ಎರಡು ಬಾರಿ ಭಟ್ಟಿಯಿಳಿಸಿದ ಮದ್ಯವನ್ನು ದಿನಕ್ಕೆ ಇಪ್ಪತ್ತು ಬಟ್ಟಲು ಕುಡಿಯುತ್ತಿದ್ದುದನ್ನೂ, ಕೈನಡುಕ ಹೆಚ್ಚಿ ಬಟ್ಟಲನ್ನು ಇತರರು ಹಿಡಿದು ಕುಡಿಸಬೇಕಾಗಿ ಬಂದದ್ದನ್ನೂ, ಹಕೀಮ್ ಹುಮಾಮ್ ಎಚ್ಚರಿಸಿದ ಮೇಲೆ ಕ್ರಮೇಣ ಆರು ಬಟ್ಟಲಿಗೆ ಇಳಿಸಿದ್ದನ್ನೂ ಅವನು ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ. ಮುಂದೆ ಕಾಡಿದ ಉಸಿರಾಟದ ತೊಂದರೆಯೂ ಅಲ್ಲಿದೆ. ಪ್ರಮಾಣ, ಅವಧಿ, ಲಕ್ಷಣ, ಚಿಕಿತ್ಸೆ, ಪರಿಣಾಮ ಎಲ್ಲವೂ ಇರುವ ಇಂಥ ದಾಖಲೆ ಯಾವ ದೇಶದ ರಾಜನದೂ ಸುಲಭಕ್ಕೆ ಸಿಗದು.

ಕೂದಲಿನ ಸಾಕ್ಷ್ಯ ಸುಲಭವಾಗಿ ಸಿಗುತ್ತದೆ, ಅಷ್ಟೇ ಸುಲಭವಾಗಿ ದಾರಿ ತಪ್ಪಿಸುತ್ತದೆ. ನೆಪೋಲಿಯನ್ 1821ರ ಮೇ 5ರಂದು ಸೇಂಟ್ ಹೆಲೆನಾದಲ್ಲಿ ಸತ್ತ. ಮರುದಿನದ ಶವಪರೀಕ್ಷೆಯಲ್ಲಿ ಜಠರದ ಗಂಭೀರ ಹುಣ್ಣು ಕಂಡಿತು. ಅವನ ತಂದೆಯೂ ಜಠರದ ಕಾಯಿಲೆಯಿಂದಲೇ ಸತ್ತವನು. 1961ರಲ್ಲಿ ಕೂದಲಿನಲ್ಲಿ ಅಧಿಕ ಆರ್ಸೆನಿಕ್ ಪತ್ತೆಯಾದಾಗ ವಿಷಪ್ರಾಶನದ ವಾದ ಲೋಕಪ್ರಸಿದ್ಧವಾಯಿತು. 2008ರಲ್ಲಿ ಇಟಲಿಯ ವಿಜ್ಞಾನಿಗಳು ಅವನ ಬಾಲ್ಯದ ಕೂದಲನ್ನೂ, ಹೆಂಡತಿ ಜೋಸೆಫೀನ್ ಮತ್ತು ಮಗನ ಕೂದಲನ್ನೂ ಅಳೆದರು. ಎಲ್ಲದರಲ್ಲೂ ಇಂದಿನವರಿಗಿಂತ ಸುಮಾರು ನೂರು ಪಟ್ಟು ಆರ್ಸೆನಿಕ್ ಇತ್ತು. ಬಣ್ಣ, ಔಷಧಿಗಳಲ್ಲೆಲ್ಲ ಆರ್ಸೆನಿಕ್ ಬಳಸುತ್ತಿದ್ದ ಕಾಲ ಅದು. ಹೋಲಿಸಿ ನೋಡುವ ಮಾದರಿಯಿಲ್ಲದೆ ಒಂದು ಸಂಖ್ಯೆಗೆ ಅರ್ಥವಿಲ್ಲ. ಶವಪರೀಕ್ಷೆಯ ವಿವರ ಜಠರದ ಕ್ಯಾನ್ಸರಿನತ್ತಲೇ ಬೊಟ್ಟು ಮಾಡುತ್ತದೆ.

ಸಂಗೀತ ಸಂಯೋಜಕ ಬೀಥೋವನ್ ತನ್ನ ರೋಗವನ್ನು ಗುರುತಿಸಿ ಲೋಕಕ್ಕೆ ತಿಳಿಸಬೇಕೆಂದು ತಾನೇ ಕೇಳಿಕೊಂಡವನು. ಕಿವಿ ಕೇಳದಾಗುತ್ತಿದ್ದ ಸಂಕಟದಲ್ಲಿ 1802ರಲ್ಲಿ ಹೈಲಿಗೆನ್‌ಸ್ಟಾಟ್‌ನಲ್ಲಿ ಬರೆದ ಪತ್ರದಲ್ಲಿ, ತಾನು ಸತ್ತ ಮೇಲೆ ವೈದ್ಯ ಷ್ಮಿಟ್ ತನ್ನ ಕಾಯಿಲೆಯನ್ನು ವಿವರಿಸಲೆಂದು ಕೋರಿದ್ದ. ಷ್ಮಿಟ್ 1809ರಲ್ಲೇ ತೀರಿಕೊಂಡ. 1827ರ ಮಾರ್ಚಿನಲ್ಲಿ ಬೀಥೋವನ್ ಸತ್ತಾಗ ಶವಪರೀಕ್ಷೆ ಮಾಡಿದವನು ಯೋಹಾನ್ ವಾಗ್ನರ್. ಕುಗ್ಗಿ ಗಂಟುಗಟ್ಟಿದ ಪಿತ್ತಜನಕಾಂಗ, ಬತ್ತಿದ ಶ್ರವಣ ನರಗಳು ಅವನ ವರದಿಯಲ್ಲಿವೆ. ಸತ್ತ ಮರುದಿನ ಹದಿನೈದರ ಹುಡುಗ ಫರ್ಡಿನಾಂಡ್ ಹಿಲ್ಲರ್ ಕತ್ತರಿಸಿಕೊಂಡನೆನ್ನುವ ಕೂದಲ ಗೊಂಚಲೊಂದು 1994ರಲ್ಲಿ ಲಂಡನ್ನಿನಲ್ಲಿ ಹರಾಜಾಯಿತು. ಅದರಲ್ಲಿ ಬಹಳ ಸೀಸ ಸಿಕ್ಕಿ, ಸೀಸದ ವಿಷವೇ ಅವನ ಎಲ್ಲ ಕಾಯಿಲೆಗಳ ಮೂಲವೆಂಬ ವಾದ ವರ್ಷಗಟ್ಟಲೆ ನಡೆಯಿತು.

2023ರಲ್ಲಿ ಟ್ರಿಸ್ಟನ್ ಬೆಗ್ ಮತ್ತು ಸಂಗಡಿಗರು ಬೀಥೋವನ್‌ನದೆನ್ನುವ ಎಂಟು ಕೂದಲ ಗೊಂಚಲುಗಳ ಡಿಎನ್‌ಎ ಓದಿದರು. ಐದು ಒಬ್ಬನೇ ಗಂಡಸಿನವು, ಅವನವೇ ಎನ್ನುವಂಥವು. ಪ್ರಸಿದ್ಧ ಹಿಲ್ಲರ್ ಗೊಂಚಲು ಒಬ್ಬ ಹೆಂಗಸಿನದು! ಅಸಲಿ ಕೂದಲು ಬೇರೆಯೇ ಕತೆ ಹೇಳಿತು: ಪಿತ್ತಜನಕಾಂಗದ ರೋಗಕ್ಕೆ ಬಲವಾದ ಆನುವಂಶಿಕ ಒಲವಿತ್ತು, ಕೊನೆಯ ತಿಂಗಳುಗಳಲ್ಲಾದರೂ ಹೆಪಟೈಟಿಸ್ ಬಿ ಸೋಂಕಿತ್ತು. ಇದಕ್ಕೆ ಮದ್ಯಪಾನ ಸೇರಿದರೆ ವಾಗ್ನರ್ ಕಂಡ ಪಿತ್ತಜನಕಾಂಗದ ಸ್ಥಿತಿಗೆ ಸಾಕಷ್ಟು ಕಾರಣ ಸಿಗುತ್ತದೆ. ಕಿವುಡಿಗೆ ಮಾತ್ರ ಜೀನ್‌ಗಳಲ್ಲಿ ವಿವರಣೆ ಸಿಗಲಿಲ್ಲ. ಸೀಸದ ವಾದ ಅಲ್ಲಿಗೆ ಮುಗಿಯಿತೆನ್ನುವಷ್ಟರಲ್ಲಿ, 2024ರಲ್ಲಿ ಅಸಲಿ ಗೊಂಚಲುಗಳಲ್ಲೇ ಎರಡನ್ನು ಅಳೆದಾಗ ಗ್ರಾಮಿಗೆ 258 ಮತ್ತು 380 ಮೈಕ್ರೋಗ್ರಾಂ ಸೀಸ ದೊರೆಯಿತು. ಸಾಮಾನ್ಯ ಮಿತಿ 4ಕ್ಕಿಂತ ಕಡಿಮೆ. ಅಷ್ಟು ಸೀಸ ಒಂದೇ ಅವನನ್ನು ಕೊಂದಿರಲಾರದು, ಆದರೆ ಹೊಟ್ಟೆನೋವು, ಕಿವುಡುಗಳಿಗೆ ಪಾಲು ಸೇರಿಸಿರಬಹುದೆಂದು ಸಂಶೋಧಕರು ಬರೆದರು. ತಪ್ಪು ಕೂದಲಿನಿಂದ ಹುಟ್ಟಿದ ಊಹೆಗೆ ಸರಿಯಾದ ಕೂದಲಿನಲ್ಲಿ ಆಧಾರ ಸಿಕ್ಕಿತು. ಆದರೂ ಮೊದಲ ವಾದ ಆಗ ಸಾಕ್ಷ್ಯವಿಲ್ಲದ ವಾದವೇ ಆಗಿತ್ತು.

ಇಂಥ ಪರೀಕ್ಷೆಗಳು ನಡೆಯಲು ತಂತ್ರಜ್ಞಾನದಷ್ಟೇ ಅನುಮತಿಯೂ ಬೇಕು. ಸ್ಯಾಂಪಲ್ ತೆಗೆದರೆ ಮೂಳೆಯ ಒಂದು ಚೂರು ಶಾಶ್ವತವಾಗಿ ನಾಶವಾಗುತ್ತದೆ, ಸಮಾಧಿ ತೆರೆದರೆ ನಂಬಿಕೆಗಳಿಗೆ ನೋವಾಗಬಹುದು. ಬೀಥೋವನ್‌ನಂತೆ ಕೇಳಿಕೊಂಡವರು ವಿರಳ. ಉಳಿದವರ ಪರವಾಗಿ ವಂಶಸ್ಥರು, ಚರ್ಚು, ಸರ್ಕಾರಗಳು ನಿರ್ಧರಿಸುತ್ತವೆ. ಡಿಎನ್‌ಎ ಕೇಳದ ಪ್ರಶ್ನೆಗೂ ಉತ್ತರ ಕೊಟ್ಟುಬಿಡುತ್ತದೆ. ರಿಚರ್ಡ್ ಮತ್ತು ಬೀಥೋವನ್ ಇಬ್ಬರ ವಂಶದಲ್ಲೂ ದಾಖಲೆಯ ತಂದೆ ಮತ್ತು ಹೆತ್ತ ತಂದೆ ಬೇರೆಯಾದ ಒಂದು ತಲೆಮಾರು ಎಲ್ಲೋ ಇದೆಯೆಂದು ಗಂಡುಸಂತತಿಯ ಡಿಎನ್‌ಎ ತೋರಿಸಿತು. ಅದು ಯಾರ ರೋಗಕ್ಕೂ ಸಂಬಂಧಿಸಿದ್ದಲ್ಲ, ಬದುಕಿರುವ ಕುಟುಂಬಗಳಿಗೆ ಮಾತ್ರ ಸಂಬಂಧಿಸಿದೆ.

ಸಂಗೀತ ಸಂಯೋಜಕ ಶೋಪಾನ್‌ನ ಹೃದಯದ ವಿಷಯದಲ್ಲಿ ಅನುಸರಿಸಿದ ಕ್ರಮ ಹೆಚ್ಚು ಸಂಯಮದ್ದು. 1849ರಲ್ಲಿ ಪ್ಯಾರಿಸ್‌ನಲ್ಲಿ ತೀರಿಕೊಂಡ ಅವನ ಹೃದಯವನ್ನು ಅಕ್ಕ ಲುಡ್ವಿಕಾ ಜಾಡಿಯಲ್ಲಿಟ್ಟು ವಾರ್ಸಾಗೆ ಒಯ್ದಿದ್ದಳು; ಅಲ್ಲಿನ ಹೋಲಿ ಕ್ರಾಸ್ ಚರ್ಚಿನ ಕಂಬದೊಳಗೆ ಅದು ಇದೆ. ಅವನನ್ನು ಕೊಂದದ್ದು ಕ್ಷಯವೇ, ಸಿಸ್ಟಿಕ್ ಫೈಬ್ರೋಸಿಸ್ ಎಂಬ ಆನುವಂಶಿಕ ರೋಗವೇ ಎಂಬುದು ಹಳೆಯ ಚರ್ಚೆ. 2014ರಲ್ಲಿ ತಜ್ಞರು ಜಾಡಿಯನ್ನು ಹೊರತೆಗೆದರೂ ಮುಚ್ಚಳ ತೆರೆಯಲಿಲ್ಲ, ಗಾಜಿನ ಮೂಲಕವೇ ನೋಡಿದರು. ಹೃದಯದ ಹೊರಪೊರೆ ದಪ್ಪಗಾಗಿ ಬಿಳಿ ಎಳೆಗಳಿಂದ ಮುಚ್ಚಿತ್ತು. ಕ್ಷಯ ಹೃದಯದ ಪೊರೆಗೆ ಹರಡಿದ್ದೇ ಸಾವಿಗೆ ಕಾರಣವಾಗಿರುವ ಸಂಭವ ಹೆಚ್ಚೆಂದು 2017ರಲ್ಲಿ ಪ್ರಕಟಿಸಿದರು. ಡಿಎನ್‌ಎ ಪರೀಕ್ಷೆಯಿಲ್ಲದ ಕಾರಣ ಆನುವಂಶಿಕ ರೋಗದ ಪ್ರಶ್ನೆ ಪೂರ್ತಿ ಮುಚ್ಚಿಲ್ಲ. ಜಾಡಿಯ ಮುಂದಿನ ಪರಿಶೀಲನೆಗೆ ಐವತ್ತು ವರ್ಷಗಳ ಅಂತರವನ್ನು ಗೊತ್ತುಮಾಡಲಾಗಿದೆ.